ಕೋಳಿ ಬಯ್ಯುವ ಮಾತು

ಹಸಿ ಬಿದಿರು ಸೀಳಿದಾಗ ಒಂದು ವಾಸನೆ ಬರುತ್ತದೆ. ಸೌತೆಕಾಯಿ ಕೊಯ್ದ ಹಾಗೆ, ಅದರ ಹಿಂದೆ ಸ್ವಲ್ಪ ಕೆಸರು. ಹೋದ ತಿಂಗಳು ತಿ. ನರಸೀಪುರದ ಬಸ್ ಸ್ಟ್ಯಾಂಡಿನಲ್ಲಿ ಇಳಿದ ಕೂಡಲೇ ಅದು ಮೂಗಿಗೆ ಬಡಿಯಿತು. ನಾನು ಹೋಗಿದ್ದದ್ದೇ ಒಂದು ಮೊರ ತರಲು. ಕಳಿಸಿದವಳು ನನ್ನ ಓರಗಿತ್ತಿ ಲೂರ್ದಮ್ಮ, ನನ್ನ ಗಂಡನ ಅಣ್ಣನ ಹೆಂಡತಿ. ನಮ್ಮಿಬ್ಬರ ಮನೆಗೂ ನಡುವೆ ಇರುವುದು ಒಂದೇ ಗೋಡೆ. ಪ್ಲಾಸ್ಟಿಕ್ ಮೊರದಲ್ಲಿ ಕೇರಿದರೆ ಕಲ್ಲೂ ಕಾಳೂ ಒಟ್ಟಿಗೇ ಎಗರುತ್ತವಂತೆ, ಬಿದಿರಿನದೇ ಆಗಬೇಕಂತೆ. “ನಿಮ್ಮೋರತ್ರನೇ ತಗಬಾ ಕಣಮ್ಮಿ, ಅವ್ರಾದ್ರೆ ಗಟ್ಟಿಯಾಗಿ ಎಣೆದಿರ್ತಾರೆ” ಅಂದಳು.

‘ನಿಮ್ಮೋರು’ ಎಂಬ ಮಾತನ್ನು ಅವಳು ಈಗ ಬೀದಿಯಲ್ಲಿ ನಿಂತೇ ಹೇಳುತ್ತಾಳೆ. ಹೇಳಿದಾಗಲೆಲ್ಲ ನನ್ನ ಕಿವಿ ಬಿಸಿಯಾಗುತ್ತದೆ. ಮೊದಲು ಆ ಮಾತು ನಮ್ಮ ನಡುವೆ ಇರಲಿಲ್ಲ. ಅದು ಬಂದದ್ದು ಕೊರೋನಾ ಮುಗಿದ ಮಾರನೇ ವರ್ಷ, ಪೆಂತೆಕೋಸ್ತ್ ಹಬ್ಬದ ಮುಂಚಿನ ಬೇಸಿಗೆಯಲ್ಲಿ. ಬಸ್ ಸ್ಟ್ಯಾಂಡಿನ ಕಂಬದ ಬುಡದಲ್ಲಿ ಕೂತು ಬಿದಿರು ಸೀಳುತ್ತಿದ್ದ ಹೆಂಗಸಿನ ವಿಷಯ ಆಮೇಲೆ ಹೇಳುತ್ತೇನೆ. ಮೊದಲು ಆ ಬೇಸಿಗೆ.

ನಮ್ಮ ಹಳ್ಳಿ ನಂಜನಗೂಡಿಗೂ ನರಸೀಪುರಕ್ಕೂ ನಡುವೆ, ತಗಡೂರಿನ ಆಚೆ ಇದೆ. ಅದರಲ್ಲಿ ಕ್ರೈಸ್ತರದು ಒಂದು ಬೀದಿ. ಬೀದಿಯ ಕೊನೆಗೆ ಸಣ್ಣ ಚರ್ಚು, ನಾವು ಗುಡಿ ಅನ್ನುತ್ತೇವೆ. ಫಾದರು ಭಾನುವಾರ ಬೈಕಿನಲ್ಲಿ ಬಂದು ಪೂಜೆ ಮಾಡಿ ಹೋಗುತ್ತಾರೆ. ಗುಡಿಯ ಕಸ ಹೊಡೆಯುವುದು, ಮೇಣದ ಕಲೆ ಕೆರೆಯುವುದು ನನ್ನ ಕೆಲಸ. ಉಳಿದ ದಿನ ಕೂಲಿ. ಆ ವರ್ಷ ಬಿಸಿಲು ಕೆಟ್ಟದಾಗಿತ್ತು. ನಾಲೆಯಲ್ಲಿ ನೀರು ನಿಂತಿತ್ತು, ಬಾಳೆಗೆ ಬೋರ್‌ವೆಲ್ಲೇ ಗತಿ. ದಿನಾ ಸಂಜೆ ಮೋಡ ಕಟ್ಟುತ್ತಿತ್ತು, ಗುಡುಗುತ್ತಿತ್ತು, ಒಂದು ಹನಿಯೂ ಹಾಕದೆ ತಲಕಾಡಿನ ಕಡೆ ಹೊರಟುಹೋಗುತ್ತಿತ್ತು.

ಲೂರ್ದಮ್ಮ ರೇಷ್ಮೆ ಹುಳು ಸಾಕುತ್ತಿದ್ದಳು. ಹುಳುವಿಗೆ ಸೊಪ್ಪು ಕುಯ್ಯುವಾಗ ಹಿಪ್ಪುನೇರಳೆಯ ಕುಯ್ದುಳಿದ ಚೂಪು ಕೂಳೆ ಅವಳ ಕಾಲಿಗೆ ಹೊಕ್ಕಿತು, ಹೆಬ್ಬೆರಳಿನ ಪಕ್ಕಕ್ಕೆ. ಚಪ್ಪಲಿ ಹಾಕಿರಲಿಲ್ಲ. ಅವಳಿಗೆ ಸಕ್ಕರೆ ಕಾಯಿಲೆ. ಅರಿಶಿನ ಮೆತ್ತಿಕೊಂಡು ಓಡಾಡಿದಳು, ಬೆರಳು ಕಪ್ಪಾಯಿತು. ಅವಳ ಮಗ ಚೌರಪ್ಪ ಆಟೋ ಓಡಿಸುತ್ತಾನೆ. ಬಲವಂತವಾಗಿ ನಂಜನಗೂಡಿಗೆ ಕರೆದುಕೊಂಡು ಹೋದ. ಬೆರಳು ತೆಗೆಯಬೇಕು, ಸೋಮವಾರ ಬಂದು ಅಡ್ಮಿಟ್ ಆಗಿ, ತಡ ಮಾಡಿದರೆ ಕಾಲಿಗೆ ಹತ್ತುತ್ತದೆ ಎಂದು ಡಾಕ್ಟರು ಹೇಳಿ ಕಳಿಸಿದರು. ಬೆರಳು ತೆಗೆಯುತ್ತಾರೆ ಎಂದು ಕೇಳಿದಾಗಿನಿಂದ ಲೂರ್ದಮ್ಮ ಬಾಯಿ ಬಿಟ್ಟಿರಲಿಲ್ಲ. ಬಾಯಿ ಮುಚ್ಚಿಕೊಂಡ ಲೂರ್ದಮ್ಮನನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ.

ಪೆಂತೆಕೋಸ್ತ್ ಅಂದರೆ ಪವಿತ್ರಾತ್ಮ ಇಳಿದ ದಿನದ ಹಬ್ಬ, ಅದಕ್ಕೆ ಮುಂಚೆ ಒಂಬತ್ತು ದಿನ ಗುಡಿಯ ಪಕ್ಕದ ಶೀಟಿನ ಶೆಡ್ಡಿನಲ್ಲಿ ಸಂಜೆ ಪ್ರಾರ್ಥನೆ ಇತ್ತು. ಅದನ್ನು ನಡೆಸಲು ಮೈಸೂರಿನಿಂದ ಅಂತೋಣಿಯಪ್ಪ ಎಂಬವರು ಬಂದಿದ್ದರು. ಮಿಲ್ಲಿನಲ್ಲಿ ದುಡಿದು ನಿವೃತ್ತಿಯಾದವರು, ಬ್ರದರ್ ಎಂದು ಕರೆಯುತ್ತಿದ್ದೆವು. ಒಳ್ಳೆಯ ಮನುಷ್ಯ. ಒಂದು ಲೋಟ ಕಾಫಿ ಬಿಟ್ಟರೆ ಯಾರ ಮನೆಯಲ್ಲೂ ಏನೂ ಮುಟ್ಟುತ್ತಿರಲಿಲ್ಲ. ಪವಿತ್ರಾತ್ಮ ಇಳಿದಾಗ ಮನುಷ್ಯನ ಬಾಯಲ್ಲಿ ಅವನಿಗೆ ಗೊತ್ತಿಲ್ಲದ ಭಾಷೆ ಬರುತ್ತದೆ, ಅನ್ಯಭಾಷೆ ಅಂತ, ಅದು ದೇವರ ರಹಸ್ಯ ಎಂದು ಅವರು ಹೇಳಿಕೊಟ್ಟರು. ಒಬ್ಬರಿಗೆ ಭಾಷೆಯ ವರ ಕೊಟ್ಟರೆ ಇನ್ನೊಬ್ಬರಿಗೆ ಅದರ ಅರ್ಥ ಬಿಡಿಸುವ ವರ ಕೊಡುತ್ತಾನೆ. ಬ್ರದರಿಗೆ ಇದ್ದದ್ದು ಅರ್ಥ ಬಿಡಿಸುವ ವರ.

ಬೀದಿಯಲ್ಲಿ ಒಬ್ಬೊಬ್ಬರಿಗೇ ಅನ್ಯಭಾಷೆ ಬಂತು. ಅಂಗಡಿ ಇಟ್ಟಿರುವ ಮರ್ಸಿಗೆ ಎರಡನೇ ದಿನವೇ ಬಂತು, ನಾಲಿಗೆ ನೀರಿನ ಮೇಲೆ ಕಲ್ಲು ಎಸೆದ ಹಾಗೆ ಓಡುತ್ತಿತ್ತು. ಎಲ್ಲರೂ ಕೈ ಎತ್ತಿ ಸ್ತೋತ್ರ ಸ್ತೋತ್ರ ಅನ್ನುತ್ತಿದ್ದರೆ ನಾನು ಕಂಬಕ್ಕೆ ಒರಗಿ ಸೊಳ್ಳೆ ಹೊಡೆದುಕೊಂಡು ಕೂತಿರುತ್ತಿದ್ದೆ. ನನಗೆ ಏನೂ ಬರಲಿಲ್ಲ. ದಿನಾ ಗುಡಿ ಗುಡಿಸುವವಳಿಗೇ ಬರಲಿಲ್ಲ ಎಂದು ಜನ ಅನ್ನುವುದು ಕೇಳಿಸುತ್ತಿತ್ತು. ಮರ್ಸಿ ಎದುರಿಗೇ ಅಂದಳು: “ರೀತಕ್ಕ, ಒಸಿ ಬಾಯ್ ಬುಡಿ. ಬಾಯ್ ಬುಟ್ರೆ ತಾನೆ ಆತ್ಮ ಒಳಕ್ಕೋಗದು?”

ಅವಳಿಗೆ ಗೊತ್ತಿರಲಿಲ್ಲ, ನಾನು ಆಗಲೇ ಒಂದು ಭಾಷೆಯನ್ನು ನುಂಗಿಕೊಂಡು ಕೂತಿದ್ದವಳು.

ನಾನು ಹುಟ್ಟಿದ್ದು ಬುಟ್ಟಿ ಹೆಣೆಯುವವರಲ್ಲಿ. ತಲಕಾಡಿನ ಕಡೆ, ಹೊಳೆಯ ಪಕ್ಕ, ಗರಿ ಹೊದಿಸಿದ ಗುಡಿಸಲುಗಳಲ್ಲಿ ಇದ್ದೆವು. ನಮ್ಮ ಮನೆಮಾತು ಕನ್ನಡವಲ್ಲ. ಸ್ವಲ್ಪ ತಮಿಳು, ಸ್ವಲ್ಪ ತೆಲುಗು, ಉಳಿದದ್ದು ಯಾವುದೂ ಅಲ್ಲ. ಅವ್ವ ಸತ್ತ ಮೇಲೆ ಕಾನ್ವೆಂಟಿನ ಸಿಸ್ಟರುಗಳು ನನ್ನನ್ನು ಮೈಸೂರಿನ ಹಾಸ್ಟೆಲಿಗೆ ಸೇರಿಸಿದರು. ರೀತ ಎಂದು ಹೆಸರಿಟ್ಟರು. ಊಟ ಇತ್ತು, ಹಾಸಿಗೆ ಇತ್ತು. ಆದರೆ ನಾನು ಬಾಯಿ ತೆರೆದರೆ ಹುಡುಗಿಯರು ಕೈಯಲ್ಲಿ ಮೊರ ಕೇರುವ ಹಾಗೆ ಮಾಡಿ ನಗುತ್ತಿದ್ದರು. ಆ ಮಾತು ಇಲ್ಲಿ ಬೇಡ ಮಗು, ನಿನಗೇ ಕಷ್ಟ ಎಂದು ಸಿಸ್ಟರು ಹೇಳಿದರು. ಒಳ್ಳೆಯದಕ್ಕೇ ಹೇಳಿದರು. ನಾನು ಬಿಟ್ಟೆ. ಜಪದ ಪುಸ್ತಕ ಹಿಡಿದು ಅಕ್ಷರ ಕಲಿತೆ, ಈಗ ಇಷ್ಟು ಬರೆಯುತ್ತಿರುವುದೂ ಆ ಅಕ್ಷರದಲ್ಲೇ. ಮದುವೆ ಮಾಡಿಕೊಡುವಾಗ ಹುಡುಗಿ ಅನಾಥೆ ಎಂದಷ್ಟೇ ಹೇಳಿ ಕೊಟ್ಟರು. ನನ್ನ ಗಂಡನಿಗೆ ನಾನು ಹೇಳಿಕೊಂಡಿದ್ದೆ. ನಂಗೊತ್ತಾಯ್ತಲ್ಲ ಸಾಕು, ಇನ್ನೊಬ್ಬರ ಮುಂದೆ ಆಡಬೇಡ ಅಂದ. ಅವನು ತೀರಿಕೊಂಡ ಮೇಲೂ ನಾನು ಆಡಲಿಲ್ಲ.

ಆ ಶುಕ್ರವಾರ ಹಬ್ಬದ ಚಪ್ಪರಕ್ಕೆಂದು ಹಸಿ ಬಿದಿರು ತಂದು ಶೆಡ್ಡಿನ ಒಳಗೇ ರಾಶಿ ಹಾಕಿದ್ದರು. ಹುಡುಗರು ಅರ್ಧದಷ್ಟನ್ನು ಸೀಳಿದ್ದರು. ಪ್ರಾರ್ಥನೆಯ ನಡುವೆ ಗುಡುಗಿ ಕರೆಂಟು ಹೋಯಿತು. ಮೇಣದ ಬತ್ತಿ ಹಚ್ಚಿದರು. ನನ್ನ ಪಕ್ಕದಲ್ಲಿ ಕುರ್ಚಿಯ ಮೇಲೆ ಲೂರ್ದಮ್ಮ, ಕಾಲಿಗೆ ಬ್ಯಾಂಡೇಜು. ಬ್ಯಾಂಡೇಜಿನಿಂದ ಕೊಳೆತ ವಾಸನೆ, ಹಿಂದಿನಿಂದ ಬಿದಿರಿನ ವಾಸನೆ. ನಾನು ಕಣ್ಣು ಮುಚ್ಚಿದೆ. ನನ್ನ ಬಾಯಿ ತೆರೆದುಕೊಂಡಿತು. ಎಷ್ಟೋ ವರ್ಷದ ಮಾತು ಹೊರಗೆ ಬಂತು, ಒಂದೇ ಮಾತು, ಮತ್ತೆ ಮತ್ತೆ. ಗಟ್ಟಿಯಾಗಿ ಬಂತು. ಬಾಯಿ ನನ್ನದು ಎಂದು ಗೊತ್ತಿತ್ತು. ತೆರೆಸಿದ್ದು ಬಿದಿರೋ ದೇವರೋ, ಇವತ್ತಿಗೂ ನನಗೆ ಗೊತ್ತಿಲ್ಲ.

ಕಣ್ಣು ಬಿಟ್ಟರೆ ಶೆಡ್ಡಿನವರೆಲ್ಲ ನನ್ನ ಸುತ್ತ ನಿಂತಿದ್ದರು. ಬ್ರದರ್ ನನ್ನ ತಲೆಯ ಮೇಲೆ ಕೈ ಇಟ್ಟಿದ್ದರು. ಅವರು ಅರ್ಥ ಬಿಡಿಸಿದರು: “ಮಗಳೇ, ನಿನ್ನ ಗಾಯವನ್ನು ನಾನೇ ಕಟ್ಟಿದ್ದೇನೆ. ನಿನಗೆ ಕತ್ತಿ ತಾಗುವುದಿಲ್ಲ.”

ಯಾರ ಹೆಸರನ್ನೂ ಹೇಳಲಿಲ್ಲ. ಹೇಳುವ ಅಗತ್ಯ ಇರಲಿಲ್ಲ. ಲೂರ್ದಮ್ಮ ಓ ಎಂದು ಅತ್ತಳು. ಅಲ್ಲೇ ಬಗ್ಗಿ ಬ್ಯಾಂಡೇಜು ಬಿಚ್ಚಿ ಎಸೆದಳು. ಸೋಮವಾರ ಇಲ್ಲ, ಯಾವ ವಾರವೂ ಇಲ್ಲ, ನನ್ನ ಬೆರಳನ್ನು ದೇವರೇ ಉಳಿಸಿದ್ದಾನೆ ಎಂದು ಮಗನಿಗೆ ಹೇಳಿಬಿಟ್ಟಳು.

ನಾನು ಆಗಲೇ ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ಜನ ನನ್ನ ಕೈ ಹಿಡಿದುಕೊಳ್ಳುತ್ತಿದ್ದರು. ಮರ್ಸಿ ನನ್ನ ಕಾಲು ಮುಟ್ಟಿ ಕಣ್ಣಿಗೊತ್ತಿಕೊಂಡಳು. ಬೆಳಿಗ್ಗೆ ಎದ್ದರೆ ಬಾಗಿಲ ಮುಂದೆ ಒಬ್ಬಳು ಜ್ವರದ ಮಗುವನ್ನು ಎತ್ತಿಕೊಂಡು ನಿಂತಿದ್ದಳು, ನಾನು ತಲೆ ಮುಟ್ಟಬೇಕಂತೆ. ಸೊಪ್ಪಿನ ತೋಟದಲ್ಲಿ ಕೂಲಿಯವರು ನನ್ನ ಹೊರೆಯನ್ನು ತಾವೇ ಹೊತ್ತರು. ಮೈಮೇಲೆ ಇರುವೆ ಹರಿದ ಹಾಗೆ ಆಗುತ್ತಿತ್ತು. ಹಾಸ್ಟೆಲಿನಲ್ಲಿ ಯಾವ ಮಾತಿಗೆ ನಕ್ಕರೋ ಅದೇ ಮಾತಿಗೆ ಇಲ್ಲಿ ಕಾಲಿಗೆ ಬೀಳುತ್ತಿದ್ದಾರೆ. ನಕ್ಕಾಗ ಆದಷ್ಟೇ ನಾಚಿಕೆ ಆಯಿತು, ಬಿದ್ದಾಗಲೂ.

ಶನಿವಾರ ಮಧ್ಯಾಹ್ನ ಗೋಡೆಯ ಆಚೆಯಿಂದ ಲೂರ್ದಮ್ಮನ ನರಳಾಟ ಕೇಳಿಸಿತು. ಹೋಗಿ ನೋಡಿದೆ. ಜ್ವರ ಸುಡುತ್ತಿತ್ತು. ಕಪ್ಪು ಪಕ್ಕದ ಬೆರಳಿಗೆ ಹತ್ತಿತ್ತು. ಅವಳು ನನ್ನನ್ನು ನೋಡಿ ನಕ್ಕಳು, “ಒಳಗಿಂದ ವಾಸಿಯಾಗ್ತದೆ ಕಣಮ್ಮಿ, ಅದ್ಕೇ ಉರೀತದೆ” ಅಂದಳು. ಮೂಗು ಮುಚ್ಚಿಕೊಳ್ಳದೆ ಅಲ್ಲಿ ಕೂರುವುದೇ ಕಷ್ಟವಾಗಿತ್ತು.

ಹಿತ್ತಲಲ್ಲಿ ಚೌರಪ್ಪ ನನ್ನನ್ನು ಅಡ್ಡ ಹಾಕಿದ. ಅವತ್ತು ಅವನು ಆಟೋ ತೆಗೆದಿರಲಿಲ್ಲ. ಬ್ರದರನ್ನು ಕೇಳಿದ್ದನಂತೆ. ಆಸ್ಪತ್ರೆಗೆ ಹೋಗಬೇಡಿ ಎಂದು ನಾನು ಹೇಳಲಿಲ್ಲ ಅಂದರಂತೆ ಅವರು. ಆದರೆ ನನಗೆ ಕೇಳಿಸಿದ್ದನ್ನು ಕೇಳಿಸಲಿಲ್ಲ ಎಂದು ಹೇಗೆ ಹೇಳಲಿ ಎಂದೂ ಅಂದರಂತೆ. ಫಾದರಿಗೆ ಫೋನು ಸಿಗುತ್ತಿರಲಿಲ್ಲ. ಚೌರಪ್ಪ ನನ್ನ ಎರಡೂ ಕೈ ಹಿಡಿದುಕೊಂಡ.

“ಚಿಕ್ಕವ್ವ, ನಿನ್ ದಮ್ಮಯ್ಯ ಅಂತೀನಿ. ಇವತ್ ಸಂದೇಲಿ ಇನ್ನೊಂದ್ಸಲಿ ಅಂಗೇ ಏನಾರ ಮಾತಾಡು. ಆಮೇಲೆ ನೀನೇ ಅರ್ಥ ಏಳ್ಬುಡು, ಆಸ್ಪತ್ರೆಗೋಗು ಅಂತಾವ್ನೆ ದ್ಯಾವ್ರು ಅಂತ. ಅವ್ವ ನನ್ ಮಾತ್ ಕೇಳಕಿಲ್ಲ. ನಿನ್ ಮಾತ್ ಕೇಳ್ತಾಳೆ.”

ಅವನ ಮಾತಿನಲ್ಲಿ ತಪ್ಪೇನೂ ಕಾಣಲಿಲ್ಲ ನನಗೆ. ಸುಲಭದ ದಾರಿ. ಲೂರ್ದಮ್ಮನ ಕಾಲು ಉಳಿಯುತ್ತದೆ, ನನ್ನ ಹುಟ್ಟೂ ಮುಚ್ಚಿಕೊಂಡಿರುತ್ತದೆ. ಆಯಿತು ಎಂದೆ.

ಸಂಜೆ ಲೂರ್ದಮ್ಮನನ್ನು ಕುರ್ಚಿಯ ಸಮೇತ ಎತ್ತಿಕೊಂಡು ಬಂದರು. ಶೆಡ್ಡು ತುಂಬಿತ್ತು. ನನ್ನನ್ನು ಮುಂದೆ ಕೂರಿಸಿದ್ದರು, ಒಂದು ಚಾಪೆ ಹಾಸಿ. ಸ್ತೋತ್ರ ಜೋರಾದ ಮೇಲೆ ನಾನು ಎದ್ದು ನಿಂತೆ. ಎಲ್ಲರೂ ಕೈ ಇಳಿಸಿ ನನ್ನ ಕಡೆ ತಿರುಗಿದರು. ಕಣ್ಣು ಮುಚ್ಚಿ ಬಾಯಿ ತೆರೆದೆ. ಅವ್ವನ ಮಾತು ತುಟಿಯವರೆಗೆ ಬಂತು, ಅಲ್ಲಿ ನಿಂತಿತು. ಅಷ್ಟು ವರ್ಷ ಅದನ್ನು ಮುಚ್ಚಿಟ್ಟದ್ದು ಒಂದು. ಈಗ ಹೊರಗೆ ತೆಗೆದು ಸುಳ್ಳಿನ ಕೂಲಿಗೆ ಹಾಕುವುದು ಇನ್ನೊಂದು. ನಾಲಿಗೆ ಹೊರಳಲಿಲ್ಲ. ಹಿಂದಿನಿಂದ ಚೌರಪ್ಪ ಕೆಮ್ಮಿದ. ನಾನು ಕಣ್ಣು ಬಿಟ್ಟೆ, ಕನ್ನಡದಲ್ಲೇ ಹೇಳಿದೆ.

“ನಾನು ನಿನ್ನೆ ಆಡಿದ್ದು ಅನ್ಯಭಾಷೆ ಅಲ್ಲ. ನಮ್ಮವ್ವನ ಭಾಷೆ. ಬುಟ್ಟಿ ಎಣಿಯೋರು ನಾವು, ನಮ್ ಗುಡ್ಸಲಲ್ಲಿ ಅಂಗೇ ಮಾತಾಡೋದು.”

ಯಾರೋ ಕಿಸಕ್ಕೆಂದರು. ಬುಟ್ಟಿಯೋರ್ ಭಾಷೇನಾ ಎಂದು ಒಂದು ಗಂಡುದನಿ ಕೇಳಿತು, ಇನ್ನೊಂದು ಶ್ ಅಂದಿತು. ಮರ್ಸಿ ನನ್ನನ್ನು ನೋಡಲಿಲ್ಲ, ಬೆರಳುಗಳನ್ನು ಸೀರೆಗೆ ಒರೆಸಿಕೊಳ್ಳುತ್ತಿದ್ದಳು. ನನ್ನ ಕಾಲು ಮುಟ್ಟಿದ ಬೆರಳು ಅವು. ಬ್ರದರ್ ನಿಂತಲ್ಲೇ ನೆಲಕ್ಕೆ ಕೂತರು. ಅವರ ಮುಖವನ್ನು ಹೆಚ್ಚು ಹೊತ್ತು ನೋಡಲು ನನಗೆ ಆಗಲಿಲ್ಲ. ನಾಚಿಕೆಯಲ್ಲಿ ಅವರದೂ ನನ್ನದೇ ಥರದ ಮುಖ ಆಗಿತ್ತು. ಮೆಲ್ಲಗೆ, “ನನಗೆ ಕೇಳಿಸಿದ್ದನ್ನು ಹೇಳಿದೆ ತಾಯಿ. ಸುಳ್ಳು ಹೇಳಲಿಲ್ಲ” ಅಂದರು. ಅದು ನಿಜ ಎಂದು ನನಗೆ ಗೊತ್ತಿತ್ತು.

ಲೂರ್ದಮ್ಮ ಮಾತ್ರ ಅಲುಗಾಡಲಿಲ್ಲ. ಜ್ವರದ ಕಣ್ಣಲ್ಲಿ ನನ್ನನ್ನೇ ನೋಡುತ್ತಿದ್ದಳು.

“ನಂಗೊತ್ತಿಲ್ವಾ ಅದು?” ಅಂದಳು. “ಮದ್ವೆಯಾಗಿ ಬಂದಾಗ್ನಿಂದ ಕೋಳಿ ಬಯ್ಯೋದು ಅದ್ರಲ್ಲೇ ಅಲ್ವಾ ನೀನು? ಗ್ವಾಡೆ ಆಚೆಗೆ ಕೇಳಾಕಿಲ್ವಾ ನಂಗೆ?”

ನನಗೆ ನೆಲ ಬಾಯಿ ಬಿಡಬಾರದಾ ಅನ್ನಿಸಿತು. ಬೆಳಿಗ್ಗೆ ಮೂಟೆ ಹತ್ತಿ ರಾಗಿ ತಿನ್ನುವ ಕೋಳಿಗಳನ್ನು ನಾನು ಬೈಯುತ್ತೇನೆ. ಯಾವ ಭಾಷೆಯಲ್ಲಿ ಎಂದು ನಾನೇ ಯಾವತ್ತೂ ಕೇಳಿಸಿಕೊಂಡಿರಲಿಲ್ಲ. ಗಂಡ ಮುಚ್ಚಿದ, ನಾನು ಮುಚ್ಚಿದೆ. ಆದರೆ ನನ್ನ ಕೋಳಿಗಳಿಗೆ ಗೊತ್ತಿತ್ತು, ಓರಗಿತ್ತಿಗೆ ಗೊತ್ತಿತ್ತು. ಅವಳು ಇಷ್ಟು ವರ್ಷ ಒಂದು ದಿನವೂ ಅದನ್ನು ನನ್ನ ಮೇಲೆ ಎಸೆದಿರಲಿಲ್ಲ. ನಮ್ಮಿಬ್ಬರಿಗೆ ಜಗಳಕ್ಕೇನು ಕಮ್ಮಿ ಇರಲಿಲ್ಲ. ಬಾವಿಯ ಹಗ್ಗಕ್ಕೆ, ಕೋಳಿಮೊಟ್ಟೆಗೆ, ಹಿತ್ತಲ ನುಗ್ಗೆಮರಕ್ಕೆ, ಎಲ್ಲಕ್ಕೂ ಕಿತ್ತಾಡಿದ್ದೇವೆ. ಆ ಒಂದು ಕಲ್ಲನ್ನು ಅವಳು ಕೈಗೆತ್ತಿಕೊಳ್ಳಲೇ ಇಲ್ಲ.

“ಗೊತ್ತಿದ್ದೂ ಯಾಕಕ್ಕ ನಂಬ್ದೆ?” ಅಂದೆ.

“ದ್ಯಾವ್ರು ನಿನ್ ಬಾಯಲ್ಲಿ ಮಾತಾಡ್ಬೇಕಾದ್ರೆ ನಿನ್ ಮಾತಲ್ದೆ ಇನ್ಯಾರ್ ಮಾತಾಡ್ತಾನೆ? ಅವನಿಗೆ ನಿಮ್ಮೋರ್ ಭಾಷೆ ಬರಾಕಿಲ್ವಾ?”

ಶೆಡ್ಡಿನಲ್ಲಿ ಯಾರೂ ಕಿಸಕ್ಕೆನ್ನಲಿಲ್ಲ ಈ ಸಲ. ದೇವರಿಗೆ ಆ ಭಾಷೆ ಬರುತ್ತದೋ ಇಲ್ಲವೋ ಎಂದು ನಾನು ಯಾವತ್ತೂ ಯೋಚನೆ ಮಾಡಿರಲಿಲ್ಲ. ಜಪ ಮಾಡಿದ್ದೆಲ್ಲ ಕನ್ನಡದಲ್ಲಿ, ಪುಸ್ತಕದ ಕನ್ನಡದಲ್ಲಿ, ನೆಂಟರ ಮನೆಯಲ್ಲಿ ಮಾತಾಡುವ ಹಾಗೆ.

ಆಮೇಲೆ ಅವಳೇ ಕೇಳಿದಳು. “ಸರಿ, ಏನಂದೆ ಅದ್ರಲ್ಲಿ? ನನ್ ಕಾಲಿನ್ ಮಾತಾ ಅದು?”

ಇದಕ್ಕೇ ನಾನು ಹೆದರಿದ್ದು. ಅದು ಅವ್ವ ಬೆಳಿಗ್ಗೆ ನನ್ನನ್ನು ಎಬ್ಬಿಸುತ್ತಿದ್ದ ಮಾತು. ಅವಳು ಕತ್ತಲಿರುವಾಗಲೇ ಬಿದಿರು ಸೀಳಲು ಕೂರುತ್ತಿದ್ದಳು, ಒಲೆ ನೋಡಿಕೊಳ್ಳುವುದು ನನ್ನ ಪಾಲು.

“ಕಾಲಿಂದಲ್ಲ ಅಕ್ಕ. ಒಲೆ ಆರೋಯ್ತಾ ಅದೆ, ಎದ್ದು ಊದು. ಅಷ್ಟೇಯ.”

ಅಷ್ಟೇಯ ಎಂದು ಹೇಳುವಾಗ ನಾನು ಸೆರಗನ್ನು ಮುಖಕ್ಕೆ ಎಳೆದುಕೊಂಡೆ. ಅಳು ಬಂತು ಎಂದಲ್ಲ. ಇಡೀ ಬೀದಿಯ ಮುಂದೆ, ದೇವರ ಮಾತು ಎಂದು ಕೈಮುಗಿದವರ ಮುಂದೆ, ಒಲೆ ಊದುವ ಮಾತನ್ನು ಹೇಳಬೇಕಾಯಿತಲ್ಲ, ಅದಕ್ಕೆ.

ಲೂರ್ದಮ್ಮ ತನ್ನ ಕಾಲನ್ನು ನೋಡಿದಳು. ಮಳೆ ಶೀಟಿನ ಮೇಲೆ ಒಂದೆರಡು ಹನಿ ತಟ್ಟಿತು. ಆಮೇಲೆ ಮಗನ ಕಡೆ ತಿರುಗಿದಳು.

“ಇನ್ನೇನ್ ನೋಡ್ತಾ ನಿಂತಿದ್ದೀಯಲಾ? ಎದ್ದು ಊದು ಅಂದವ್ನೆ. ಆಟೋ ತೆಗಿ.”

ನಾನು ಅಲ್ಲ ಅಲ್ಲ, ಅದು ದೇವರಲ್ಲ, ನಮ್ಮವ್ವ ಎಂದು ಹಿಂದೆಯೇ ಹೇಳುತ್ತಾ ಹೋದೆ. ಅವಳು ಒಪ್ಪಲಿಲ್ಲ. ಆಟೋ ಹತ್ತುವಾಗ, “ಯಾರಾದ್ರೇನು ಅಮ್ಮಿ, ಎಬ್ಬಿಸಿದ್ರಲ್ಲ” ಅಂದಳು. ಎರಡು ಬೆರಳು ಹೋದವು, ಕಾಲು ಉಳಿಯಿತು. ಇನ್ನೂ ತಡವಾಗಿದ್ದರೆ ಮಂಡಿಯವರೆಗೆ ತೆಗೆಯಬೇಕಾಗುತ್ತಿತ್ತು ಎಂದು ಡಾಕ್ಟರು ಚೌರಪ್ಪನಿಗೆ ಬೈದರಂತೆ. ಶುಕ್ರವಾರವೇ ನಾನು ಬಾಯಿ ಬಿಟ್ಟಿದ್ದರೆ ಎರಡನೇ ಬೆರಳು ಇರುತ್ತಿತ್ತು. ಇದನ್ನು ಯಾರೂ ನನಗೆ ಹೇಳಿಲ್ಲ. ಹೇಳದೆ ಇರುವುದೇ ನನಗೆ ಭಾರ. ಅವಳು ಕಾಲು ಚಾಚಿ ಕೂತಾಗ ನಾನು ಬೇರೆ ಕಡೆ ನೋಡುತ್ತೇನೆ.

ಪೆಂತೆಕೋಸ್ತಿನ ದಿನ ಫಾದರು ಆ ಹಬ್ಬದ ಕತೆ ಓದಿದರು. ಶಿಷ್ಯರ ಮೇಲೆ ಬೆಂಕಿಯ ನಾಲಿಗೆ ಇಳಿದದ್ದು, ದೂರದೂರದಿಂದ ಬಂದಿದ್ದವರೆಲ್ಲ ತಮ್ಮ ತಮ್ಮ ಹುಟ್ಟುಮಾತಿನಲ್ಲೇ ಅವರ ಮಾತು ಕೇಳಿಸಿಕೊಂಡದ್ದು. ವರ್ಷಾವರ್ಷ ಕೇಳಿದ್ದೆ, ಕಿವಿಯೊಳಕ್ಕೆ ಹೊಕ್ಕಿರಲಿಲ್ಲ. ಅಲ್ಲಿ ಹುಟ್ಟುಮಾತು ಅರ್ಥವಾದದ್ದೇ ಅದ್ಭುತ. ನಮ್ಮ ಶೆಡ್ಡಿನಲ್ಲಿ ಅರ್ಥವಾಗದ್ದಕ್ಕೆ ಕಾಲಿಗೆ ಬಿದ್ದರು, ಅರ್ಥವಾದ ಮೇಲೆ ದೂರ ಕೂತರು. ಬೆಂಚಿನಲ್ಲಿ ನನ್ನ ಎರಡೂ ಪಕ್ಕ ಖಾಲಿ ಇತ್ತು. ಅಂಗಡಿಯಲ್ಲಿ ಮರ್ಸಿ ಸಾಮಾನನ್ನು ನನ್ನ ಕೈಗೆ ಕೊಡದೆ ಹಲಗೆಯ ಮೇಲೆ ಇಡಲು ಶುರು ಮಾಡಿದಳು. ಬ್ರದರ್ ಮತ್ತೆ ನಮ್ಮೂರಿಗೆ ಬರಲಿಲ್ಲ. ಬರಬೇಡಿ ಎಂದು ಯಾರೂ ಅಂದಿರಲಿಲ್ಲ.

ಲೂರ್ದಮ್ಮ ಆಸ್ಪತ್ರೆಯಿಂದ ಬಂದ ಮೇಲಿನ ಮೊದಲನೇ ಭಾನುವಾರ ಕೋಲೂರಿಕೊಂಡು ಗುಡಿಯ ನಡುವೆ ನಡೆದು ಬಂದಳು. ಟಕ್ ಟಕ್ ಎಂದು ಎಲ್ಲರಿಗೂ ಕೇಳಿಸುವ ಹಾಗೆ. ಬಂದು ನನ್ನ ಪಕ್ಕ ಕೂತು, “ಸರ್ಕಳಮ್ಮಿ” ಅಂದಳು. ಸರಿಯಲು ಜಾಗ ಬೇಕಾದಷ್ಟಿತ್ತು. ಆದರೂ ಸರಿದೆ.

ಈಗ ಬಸ್ ಸ್ಟ್ಯಾಂಡಿನ ಹೆಂಗಸು. ವಯಸ್ಸು ಹೆಚ್ಚಿಲ್ಲ. ಕಾಲಬೆರಳ ಸಂದಿಯಲ್ಲಿ ಬಿದಿರು ಹಿಡಿದು ಕತ್ತಿಯಲ್ಲಿ ಸೀಳುತ್ತಿದ್ದಳು. ಪಕ್ಕದಲ್ಲಿ ಅವಳ ಮಗಳಿರಬೇಕು, ಸ್ಕೂಲ್ ಯೂನಿಫಾರಂ ಹಾಕಿಕೊಂಡಿತ್ತು. ಮಗಳ ಕಿವಿಯಲ್ಲಿ ಅವಳು ಏನೋ ಹೇಳಿದಳು, ನಮ್ಮ ಮಾತಿನಲ್ಲಿ. ನಾನು ಬಗ್ಗಿ ಮೊರ ತೆಗೆದುಕೊಂಡೆ, ಅಂಚು ತಟ್ಟಿ ನೋಡಿದೆ. ಹಾಸ್ಟೆಲಿನಲ್ಲಿ ಆ ಮಾತು ಬಿಟ್ಟ ಮೇಲೆ ಮನುಷ್ಯರೊಬ್ಬರ ಮುಖ ನೋಡಿ ಮೊದಲ ಸಲ ಅದರಲ್ಲಿ ಕೇಳಿದೆ, ಊಟ ಆಯಿತಾ ಎಂದು.

ಅವಳ ಕತ್ತಿ ನಿಂತಿತು. ನನ್ನನ್ನು ನೋಡಿದಳು, ಮಗಳನ್ನು ನೋಡಿದಳು, ಸುತ್ತ ಬಸ್ಸಿಗೆ ನಿಂತಿದ್ದ ಜನರನ್ನು ನೋಡಿದಳು. ಅವಳ ಕುತ್ತಿಗೆಯಿಂದ ಮೇಲಕ್ಕೆ ಬಿಸಿ ಏರಿದ್ದು ನನಗೆ ಕಂಡಿತು. ಅದು ಹೇಗೆ ಏರುತ್ತದೆ ಎಂದು ನನಗೆ ಹೇಳಿಕೊಡಬೇಕಾಗಿಲ್ಲ.

“ಮೊರ ಗಟ್ಟಿಯಾಗಿ ಅದೆ, ತಗಳಿ ಅಮ್ಮ” ಎಂದಳು. ಕನ್ನಡದಲ್ಲಿ.

ನಾನೂ ಕನ್ನಡದಲ್ಲೇ ಸರಿ ಎಂದೆ, ದುಡ್ಡು ಕೊಟ್ಟು ಮೊರ ತೆಗೆದುಕೊಂಡು ಬಸ್ಸು ಹತ್ತಿದೆ.

ಲೂರ್ದಮ್ಮ ಮೊರವನ್ನು ಮೂಸಿ ನೋಡಿ ಹಿಂದೆ ಮುಂದೆ ತಿರುಗಿಸಿದಳು. ಮಾತಾಡಿಸಿದೆಯಾ ಎಂದು ಕೇಳಿದಳು. ಮಾತಾಡಿಸಿದೆ ಎಂದೆ. ಏನಂದಳು ಎಂದು ಕೇಳಿದಳು. ಕನ್ನಡ ಮಾತಾಡಿದಳು ಎಂದೆ. ಅವಳಿಗೆ ಅರ್ಥವಾಯಿತು. ಎರಡು ಹಿಡಿ ಹುರುಳಿ ಹಾಕಿ ಕೇರಲು ಶುರು ಮಾಡಿದಳು. ಬಿದ್ದ ಕಾಳಿಗೆ ನನ್ನ ಕೋಳಿಗಳು ಓಡಿ ಬಂದವು.

“ಬಯ್ಯಿ ಮತ್ತೆ” ಅಂದಳು ಲೂರ್ದಮ್ಮ, ತಲೆ ಎತ್ತದೆ. “ನಿಮ್ ಮಾತಲ್ಲೇ ಬಯ್ಯಿ. ಕನ್ನಡ್ದಲ್ಲಿ ಬಯ್ದ್ರೆ ಇವು ಓಗಾಕಿಲ್ಲ.”

ಬೀದಿಯಲ್ಲಿ ಮರ್ಸಿ ಹೋಗುತ್ತಿದ್ದಳು. ನಾನು ಅವಳು ದಾಟುವವರೆಗೆ ಕಾದೆ. ಆಮೇಲೆ ಬೈದೆ.